ಓಣಿಯ ಉದ್ಯಾನವನ್ನು ಎರಡು ಬೇಸಿಗೆ ದಾಟಿಸುವುದು ಹೇಗೆ

ಕಲಬುರಗಿ, ಬೀದರ್ ಜಿಲ್ಲೆಗಳ ತಾಲ್ಲೂಕು ಪಟ್ಟಣಗಳಲ್ಲಿ, ಬಡಾವಣೆಯ ನಕ್ಷೆಯಲ್ಲಿ ಉದ್ಯಾನವೆಂದು ಗುರುತಿಸಿದ ಜಾಗ ನೆಲದ ಮೇಲೆ ಬಳ್ಳಾರಿ ಜಾಲಿಯ ಪೊದೆಯಾಗಿ, ಮನೆ ಕಟ್ಟಿ ಉಳಿದ ಇಟ್ಟಿಗೆ ಚೂರಿನ ಗುಡ್ಡೆಯಾಗಿ ಉಳಿದಿರುವುದನ್ನು ಎಲ್ಲರೂ ಕಂಡಿದ್ದೇವೆ. ಅಲ್ಲಿ ಜೂನ್ 5ರ ಪರಿಸರ ದಿನಕ್ಕೋ ಜುಲೈನ ವನಮಹೋತ್ಸವಕ್ಕೋ ಸಸಿ ನೆಡುವವರಿಗೆ ಕೊರತೆಯಿಲ್ಲ. ಆ ಸಸಿಗಳು ಮುಂದಿನ ಏಪ್ರಿಲ್‌ನಲ್ಲಿ ಇರುತ್ತವೆಯೇ, ಅದರ ಮುಂದಿನ ಏಪ್ರಿಲ್‌ನಲ್ಲೂ ಇರುತ್ತವೆಯೇ ಎಂಬುದರ ಮೇಲೆ ಉದ್ಯಾನದ ಅಳಿವು ಉಳಿವು ನಿಂತಿದೆ. ಆದ್ದರಿಂದ ಈ ಲೇಖನದಲ್ಲಿ ನಾಟಿಯ ದಿನಕ್ಕಿಂತ ಅದರ ಹಿಂದಿನ ಎಂಟು ತಿಂಗಳ ಸಿದ್ಧತೆಗೆ ಮತ್ತು ಮುಂದಿನ ಎರಡು ಬೇಸಿಗೆಗಳ ನೀರಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಇಲ್ಲಿನ ಲೆಕ್ಕಗಳು ಹತ್ತು ಗುಂಟೆಯ, ಅಂದರೆ ಸುಮಾರು ಒಂದು ಸಾವಿರ ಚದರ ಮೀಟರಿನ ಜಾಗಕ್ಕೆ ಹೊಂದುವಂತಿವೆ. ಓಣಿಯ ಹತ್ತು ಹನ್ನೆರಡು ಮನೆಯವರು ಕೂಡಿ ನಿಭಾಯಿಸಬಹುದಾದ ಅಳತೆ ಅದು. ಜಾಗ ಇದಕ್ಕಿಂತ ದೊಡ್ಡದಿದ್ದರೆ ಮೊದಲ ವರ್ಷ ಅದರ ಒಂದು ಮೂಲೆಯನ್ನು ಮಾತ್ರ ಹಿಡಿಯಿರಿ.

ಮೊದಲು ಕಾಗದ

ದೀಪಾವಳಿ ಮುಗಿದ ಮೇಲೆ ಕೆಲಸ ಶುರು ಮಾಡುವುದು ಒಳ್ಳೆಯದು. ಪುರಸಭೆಯ ಕಚೇರಿಗೆ ಹೋಗಿ ಆ ಬಡಾವಣೆಯ ಅನುಮೋದಿತ ನಕ್ಷೆಯ ಪ್ರತಿಯನ್ನು ಕೇಳಿ ಪಡೆಯಿರಿ. ಬಾಯಿಮಾತಿನಲ್ಲಿ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ, 2005ರಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಕೊಡಬಹುದು. 30 ದಿನಗಳೊಳಗೆ ಉತ್ತರ ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ಆ ಜಾಗ ಉದ್ಯಾನಕ್ಕೆ ಮೀಸಲೋ, ನಾಗರಿಕ ಸೌಲಭ್ಯದ ನಿವೇಶನವೋ, ಪಕ್ಕದವರ ಖಾಸಗಿ ಹಿಡುವಳಿಯೋ ಎಂಬುದು ನಕ್ಷೆಯಿಂದ ತಿಳಿಯಬೇಕು. ಉದ್ಯಾನಗಳು, ಆಟದ ಮೈದಾನಗಳು ಮತ್ತು ಬಯಲು ಜಾಗಗಳನ್ನು ಉಳಿಸಲೆಂದೇ ರಾಜ್ಯದಲ್ಲಿ 1985ರ ಕಾಯ್ದೆಯೊಂದಿದೆ. ನಾಳೆ ಅಲ್ಲಿ ಮಳಿಗೆ ಕಟ್ಟುವ ಮಾತು ಬಂದಾಗ ನಿಮ್ಮ ಕೈಯಲ್ಲಿರಬೇಕಾದದ್ದು ಆ ನಕ್ಷೆಯ ದೃಢೀಕೃತ ಪ್ರತಿ.

ನಂತರ ಪುರಸಭೆಯ ಮುಖ್ಯಾಧಿಕಾರಿಗೆ, ನಗರಸಭೆಯಾದರೆ ಪೌರಾಯುಕ್ತರಿಗೆ, ಬರವಣಿಗೆಯಲ್ಲಿ ಅರ್ಜಿ ಕೊಟ್ಟು ಟಪಾಲು ವಿಭಾಗದ ಮೊಹರು ಬಿದ್ದ ಪ್ರತಿಯನ್ನು ಇಟ್ಟುಕೊಳ್ಳಿ. ಅರ್ಜಿಯಲ್ಲಿ ನೀವು ಮಾಡುವ ಕೆಲಸ ಯಾವುದು, ಪುರಸಭೆ ಮಾಡಬೇಕಾದದ್ದು ಯಾವುದು ಎಂದು ಬೇರೆ ಬೇರೆಯಾಗಿ ಬರೆಯಿರಿ. ನೀರಿನ ಸಂಪರ್ಕ, ಬೇಲಿ, ದೀಪ, ಕಸ ಸಾಗಣೆ ಇವು ಪುರಸಭೆಯ ಪಾಲಿನವು. ನಾಟಿ, ನೀರುಣಿಸುವಿಕೆ, ಕಳೆ ಕೀಳುವುದು ನಿಮ್ಮ ಪಾಲಿನವು. ಜಾಗದ ಒಡೆತನ ಪುರಸಭೆಯದೇ, ನಮ್ಮದು ನಿರ್ವಹಣೆ ಮಾತ್ರ ಎಂಬ ಸಾಲನ್ನು ಸ್ಪಷ್ಟವಾಗಿ ಸೇರಿಸಿದರೆ ಅಧಿಕಾರಿಗಳ ಅರ್ಧ ಅನುಮಾನ ಅಲ್ಲಿಯೇ ನಿವಾರಣೆಯಾಗುತ್ತದೆ. ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಆರಂಭವಾಗುವುದರಿಂದ, ಬೇಲಿಗೋ ಕೊಳವೆಬಾವಿಗೋ ಹಣ ಬೇಕಿದ್ದರೆ ಮುಂಗಡಪತ್ರ ತಯಾರಾಗುವ ಮೊದಲು, ಡಿಸೆಂಬರ್ ಅಥವಾ ಜನವರಿಯಲ್ಲೇ ವಾರ್ಡಿನ ಸದಸ್ಯರ ಮೂಲಕ ಕೇಳಿ. ಮೇ ತಿಂಗಳಲ್ಲಿ ಕೇಳಿದರೆ ಮುಂದಿನ ವರ್ಷ ನೋಡೋಣವೆಂಬ ಉತ್ತರ ಬರುವುದು ಸಹಜ.

ಹಣ ಸಂಗ್ರಹಿಸುವುದಾದರೆ ಸಂಘವನ್ನು ನೋಂದಾಯಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ ಏಳು ಜನ ಸದಸ್ಯರು ಸಾಕು. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ, ಆ ಇಬ್ಬರು ಒಂದೇ ಮನೆಯವರಾಗದಿರಲಿ.

ಬೀದರ್, ಬಸವಕಲ್ಯಾಣ, ಕಲಬುರಗಿಯಂಥ ಕಡೆ ಹಳೆಯ ಗೋರಿ, ಕೋಟೆಗಳ ಬಳಿ ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ನಿರ್ಮಾಣ ನಿಷಿದ್ಧ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ತೊಟ್ಟಿ, ಕಂಪೌಂಡು, ಮಂಟಪ ಯಾವುದನ್ನೇ ಯೋಚಿಸುವ ಮೊದಲು ಪುರಾತತ್ವ ಇಲಾಖೆಯನ್ನು ಕೇಳಬೇಕು.

ನೆಲವನ್ನು ಓದುವುದು

ನಮ್ಮ ಕಡೆಯ ನೆಲ ಒಂದೇ ಬಗೆಯದಲ್ಲ. ಜೇವರ್ಗಿ, ಅಫಜಲಪುರ, ಔರಾದ್, ಭಾಲ್ಕಿ ಕಡೆ ಎರೆ ಭೂಮಿ ಹೆಚ್ಚು. ಬೀದರ್ ಪಟ್ಟಣದ ಸುತ್ತ ಜಂಬಿಟ್ಟಿಗೆಯ ಕೆಂಪು ನೆಲ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಮೇಲೆ ತೆಳುವಾದ ಮಣ್ಣು, ಕೆಳಗೆ ಫರಸಿ ಕಲ್ಲಿನ ಹಾಸು. ಒಂದು ಊರಿನ ವಿಧಾನವನ್ನು ಇನ್ನೊಂದು ಊರಿನಲ್ಲಿ ಹಾಗೆಯೇ ಅನುಸರಿಸಿದರೆ ಸಸಿ ಸಾಯುತ್ತದೆ.

ಪರೀಕ್ಷೆ ಸುಲಭ. ಜಾಗದ ಮೂರು ನಾಲ್ಕು ಕಡೆ ಮೊಣಕಾಲುದ್ದದ ಗುಂಡಿ ತೋಡಿ, ಸಂಜೆ ನೀರು ತುಂಬಿಸಿ, ಮರುದಿನ ಬೆಳಿಗ್ಗೆ ಮತ್ತು ಸಂಜೆ ಹೋಗಿ ನೋಡಿ. ಒಂದು ಹಗಲು ಒಂದು ರಾತ್ರಿ ಕಳೆದರೂ ನೀರು ನಿಂತಿದ್ದರೆ ಅದು ಗಟ್ಟಿ ಎರೆ. ಅಲ್ಲಿ ತೋಡಿದ ಗುಂಡಿ ಮಳೆಗಾಲದಲ್ಲಿ ಬಾನಿಯಂತೆ ನೀರು ಹಿಡಿದು ಬೇರನ್ನು ಕೊಳೆಸುತ್ತದೆ. ಇಂಥ ಕಡೆ ನೆಲಮಟ್ಟಕ್ಕಿಂತ ಒಂದು ಅಡಿ ಎತ್ತರದ ದಿಬ್ಬ ಮಾಡಿ ಅದರ ಮೇಲೆ ನೆಡಬೇಕು. ದಿಬ್ಬದ ಮಣ್ಣಿಗೆ ಗರಸು (ಸಣ್ಣ ಕಲ್ಲು ಬೆರೆತ ಮಣ್ಣು) ಮತ್ತು ತಿಪ್ಪೆಗೊಬ್ಬರ ಬೆರೆಸಬೇಕು. ನೀರು ಒಂದೆರಡು ಗಂಟೆಯಲ್ಲೇ ಇಂಗಿಹೋದರೆ ಅದು ಕೆಂಪು ನೆಲದ ಅಥವಾ ಗರಸಿನ ಗುಣ. ಅಲ್ಲಿ ಕೆರೆಯ ಹೂಳು ಮತ್ತು ಗೊಬ್ಬರ ಹೆಚ್ಚು ಹಾಕಿ, ಗುಂಡಿಯನ್ನು ನೆಲಮಟ್ಟಕ್ಕಿಂತ ತುಸು ತಗ್ಗಾಗಿ ಬಿಡಬೇಕು. ಹಾರೆ ಕಲ್ಲಿಗೆ ತಾಗಿ ಟಣ್ಣೆಂದರೆ ಗುಂಡಿಯನ್ನು ನಾಲ್ಕು ಅಡಿ ಆಚೆ ಸರಿಸಿ ನೋಡಿ. ಹಾಸುಗಲ್ಲಿನ ನಡುವಿನ ಬಿರುಕು ಸಿಕ್ಕರೆ ಬೇವು ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ.

ಎರೆ ಮಣ್ಣು ಮಾರ್ಚ್ ಹೊತ್ತಿಗೆ ಕೈ ತೂರುವಷ್ಟು ಅಗಲವಾಗಿ ಬಿರಿಯುತ್ತದೆ. ಆ ಬಿರುಕು ಸಸಿಯ ಪಾತಿಯ ಮೂಲಕ ಹಾದರೆ ಎಳೆಯ ಬೇರು ಹರಿಯುತ್ತದೆ, ಹಾಕಿದ ನೀರು ಬಿರುಕಿನೊಳಗಿಂದ ನೇರವಾಗಿ ಕೆಳಗೆ ಇಳಿದುಹೋಗುತ್ತದೆ. ನೀರು ಹಾಕುತ್ತಲೇ ಇದ್ದರೂ ಗಿಡ ಒಣಗಿತು ಎನ್ನುವವರು ಪಾತಿಯ ಮಣ್ಣನ್ನು ಒಮ್ಮೆ ಕೆದರಿ ನೋಡಬೇಕು. ಪ್ರತಿ ನೀರಿನ ನಂತರ, ಮಣ್ಣು ಅರೆ ಒಣಗಿದಾಗ, ಕುರ್ಪಿಯಿಂದ ಮೇಲಿನ ಎರಡು ಬೆರಳು ಮಣ್ಣನ್ನು ಸಡಿಲಗೊಳಿಸಿ ಬಿರುಕು ಮುಚ್ಚಿ, ಮೇಲೆ ಕಬ್ಬಿನ ರವದಿಯನ್ನೋ ಒಣ ಎಲೆಯನ್ನೋ ಹಾಸಬೇಕು. ಈ ಹೊದಿಕೆ ನಾಲ್ಕು ಬೆರಳು ದಪ್ಪವಿರಲಿ, ಆದರೆ ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹಾಕಿ. ತಾಗಿದರೆ ಗೆದ್ದಲು ಹತ್ತುತ್ತದೆ.

ನೀರಿನ ಲೆಕ್ಕ

ಗಿಡಗಳ ಪಟ್ಟಿ ಮಾಡುವ ಮೊದಲು ನೀರಿನ ಲೆಕ್ಕ ಮಾಡಿ. ಹತ್ತು ಗುಂಟೆಗೆ 40 ಸಸಿ ಎಂದುಕೊಳ್ಳೋಣ. ಮೊದಲ ಬೇಸಿಗೆಯಲ್ಲಿ ಪ್ರತಿ ಸಸಿಗೆ ವಾರಕ್ಕೆರಡು ಸಲ 15 ಲೀಟರ್ ಎಂದರೆ ವಾರಕ್ಕೆ 1,200 ಲೀಟರ್. ಫೆಬ್ರುವರಿಯಿಂದ ಜೂನ್ ಆರಂಭದ ಮಿರಗದ (ಮೃಗಶಿರಾ) ಮಳೆಯವರೆಗೆ ಸುಮಾರು 18 ವಾರ. ಒಟ್ಟು 21,600 ಲೀಟರ್, ಅಂದರೆ 5,000 ಲೀಟರಿನ ಟ್ಯಾಂಕರ್ ಇಡೀ ಬೇಸಿಗೆಗೆ ನಾಲ್ಕೈದು. ಇದು ಓಣಿಯವರು ಹೊರಬಹುದಾದ ಖರ್ಚು.

ಈಗ ಹುಲ್ಲುಹಾಸಿನ ಲೆಕ್ಕ ನೋಡಿ. ನಮ್ಮ ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಬೇಕಾದರೆ ಚದರ ಮೀಟರಿಗೆ ದಿನಕ್ಕೆ ಐದು ಲೀಟರಾದರೂ ಬೇಕು. ಕೇವಲ ಒಂದು ಗುಂಟೆ ಹುಲ್ಲು ದಿನಕ್ಕೆ 500 ಲೀಟರ್ ಕುಡಿಯುತ್ತದೆ. 40 ಗಿಡಗಳ ವಾರದ ನೀರು ಎರಡೂವರೆ ದಿನಕ್ಕೆ ಮುಗಿಯುತ್ತದೆ. ಕುಡಿಯುವ ನೀರಿಗೆ ಜನ ಕೊಡ ಹಿಡಿದು ಕಾಯುವ ಊರಿನಲ್ಲಿ ಆಮದು ಹುಲ್ಲಿನ ಹಾಸು ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಮಕ್ಕಳು ಆಡಲು ಹಸಿರು ಬೇಕೆಂದರೆ ನೆಲದ ಗರಿಕೆಯನ್ನೇ ಬೆಳೆಯಲು ಬಿಡಿ. ಅದು ಮೇನಲ್ಲಿ ಒಣಗಿ, ಮಳೆ ಬಿದ್ದ ವಾರದಲ್ಲಿ ತಾನಾಗಿ ಚಿಗುರುತ್ತದೆ.

ಜಾಗದಲ್ಲಿ 5,000 ಲೀಟರ್ ಹಿಡಿಯುವ ತೊಟ್ಟಿಯೊಂದು ಬೇಕು, ಅದಕ್ಕೆ ಬಿಗಿಯಾದ ಮುಚ್ಚಳ ಇರಲೇಬೇಕು. ಡೆಂಗಿ ಹರಡುವ ಸೊಳ್ಳೆ ನಿಂತ ಶುದ್ಧ ನೀರಿನಲ್ಲಿ ಒಂದು ವಾರ ಹತ್ತು ದಿನಗಳಲ್ಲಿ ಮೊಟ್ಟೆಯಿಂದ ಹೊರಟು ಹಾರುವ ಹಂತಕ್ಕೆ ಬರುತ್ತದೆ. ಉದ್ಯಾನದ ತೊಟ್ಟಿ ಓಣಿಗೆ ಜ್ವರ ತರುವಂತಾಗಬಾರದು. ಮಳೆನೀರಿನ ಬಗ್ಗೆಯೂ ಸರಿಯಾದ ಅಂದಾಜಿರಲಿ. ಪಕ್ಕದ ಸಮುದಾಯ ಭವನದ ಚಾವಣಿ 100 ಚದರ ಮೀಟರ್ ಇದ್ದು, ವರ್ಷಕ್ಕೆ 700 ಮಿಲಿಮೀಟರ್ ಮಳೆಯಾದರೆ, ಸೋರಿಕೆ ಕಳೆದು 56,000 ಲೀಟರಿನಷ್ಟು ನೀರು ಇಳಿಯುತ್ತದೆ. ಆದರೆ ಅದು ಬರುವುದು ಗಿಡಕ್ಕೆ ನೀರು ಬೇಡವಾದ ತಿಂಗಳುಗಳಲ್ಲಿ. ತೊಟ್ಟಿ ಒಮ್ಮೆ ತುಂಬಿದ ಮೇಲೆ ಉಳಿದದ್ದನ್ನು ಕೊಳವೆಬಾವಿಯ ಪಕ್ಕದ ಇಂಗುಗುಂಡಿಗೆ ತಿರುಗಿಸುವುದು ಸರಿ.

ನೀರು ಬಹಳ ಕಡಿಮೆಯಿದ್ದರೆ ಗಡಿಗೆಯ ವಿಧಾನ ಅನುಸರಿಸಿ. ಹೊಳಪಿನ ಲೇಪ ಹಚ್ಚದ, ಐದಾರು ಲೀಟರಿನ ಮಣ್ಣಿನ ಗಡಿಗೆಯನ್ನು ಸಸಿಯಿಂದ ಒಂದು ಅಡಿ ದೂರದಲ್ಲಿ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಕಲ್ಲಿನ ಚಪ್ಪಡಿ ಮುಚ್ಚಬೇಕು. ಗೋಡೆಯಿಂದ ಒಸರುವ ನೀರು ಬೇರಿನ ಮಟ್ಟದಲ್ಲೇ ಸಿಗುತ್ತದೆ, ಬಿಸಿಲಿಗೆ ಆವಿಯಾಗುವುದು ಬಹಳ ಕಡಿಮೆ.

ಯಾವ ಗಿಡ

ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಕಲಬುರಗಿಯ ಸಾರ್ವಜನಿಕ ಉದ್ಯಾನಕ್ಕೆ ಅಥವಾ ಬೀದರಿನ ಬರೀದ್ ಶಾಹಿ ಗೋರಿಗಳ ಸುತ್ತಲಿನ ಉದ್ಯಾನಕ್ಕೆ ಹೋಗಿ, ಯಾವ ಮರದ ಕೆಳಗೆ ಜನ ಮಲಗಿದ್ದಾರೆ ಎಂದು ನೋಡಿ ಬನ್ನಿ. ಅದಕ್ಕಿಂತ ಒಳ್ಳೆಯ ಪಟ್ಟಿ ಬೇರೆ ಸಿಗದು. ಬಿಸಿಲು 42 ಡಿಗ್ರಿ ದಾಟುವ ಊರಿನಲ್ಲಿ ನೆರಳು ಮೊದಲು, ಹೂವು ಆಮೇಲೆ.

ಬೇವು, ಹೊಂಗೆ, ಹುಣಸೆ ಈ ಮೂರು ನಮ್ಮ ನೆಲದ ಮುಖ್ಯ ನೆರಳಿನ ಗಿಡಗಳು. ಇವುಗಳನ್ನು ಪಶ್ಚಿಮದ ಅಂಚಿನಲ್ಲಿ 25ರಿಂದ 30 ಅಡಿ ಅಂತರದಲ್ಲಿ ನೆಡಿ. ಸಂಜೆಯ ಬಿಸಿಲನ್ನು ತಡೆದು ನೆರಳನ್ನು ಒಳಗೆ ಚೆಲ್ಲುತ್ತವೆ. ನೀರು ನಿಲ್ಲುವ ಎರೆಯಲ್ಲಿ ಮುತ್ತುಗ ಚೆನ್ನಾಗಿ ತಾಳಿಕೊಳ್ಳುತ್ತದೆ. ಕಕ್ಕೆ ಏಪ್ರಿಲ್ ಮೇ ತಿಂಗಳಲ್ಲಿ ಹಳದಿ ಗೊಂಚಲು ಬಿಡುತ್ತದೆ. ಕಲ್ಲು ನೆಲಕ್ಕೆ ಸೀತಾಫಲ, ಬಾರಿ (ಬೋರೆ), ಬನ್ನಿ ಸೂಕ್ತ. ನೇರಳೆ ಮತ್ತು ಬೆಟ್ಟದ ನೆಲ್ಲಿ ಒಂದೆರಡಿದ್ದರೆ ಹಕ್ಕಿಗೂ ಮಕ್ಕಳಿಗೂ ಆಯಿತು. ಆಲ, ಅರಳಿಯನ್ನು ಕಟ್ಟಡದಿಂದ, ತೊಟ್ಟಿಯಿಂದ ದೂರ, ಒಂದೇ ಒಂದು ನೆಡಿ. ಗುಲ್‌ಮೊಹರ್ ಬೇಗ ಬೆಳೆಯುವುದಕ್ಕಾಗಿ ಎಲ್ಲರಿಗೂ ಇಷ್ಟ, ಆದರೆ ಮುಂಗಾರು ಮುಂಚಿನ ಬಿರುಗಾಳಿಗೆ ಅದರ ಕೊಂಬೆ ಮುರಿದು ಬೀಳುತ್ತದೆ. ಮಕ್ಕಳ ಜೋಕಾಲಿಯ ಹತ್ತಿರ ಅದು ಬೇಡ.

ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ ಸಾರ್ವಜನಿಕರಿಗೆ ರಿಯಾಯಿತಿ ದರದಲ್ಲಿ ಸಸಿ ಸಿಗುತ್ತದೆ. ಮೇ ತಿಂಗಳಲ್ಲೇ ಹೋಗಿ ನೋಡಿ ಹೆಸರು ಬರೆಸಿ. ದೊಡ್ಡ ಚೀಲದ ಸಸಿ ಕೇಳಿ. ಮೂರು ನಾಲ್ಕು ಅಡಿ ಎತ್ತರವಿರುವ, ಕಾಂಡ ಹೆಬ್ಬೆರಳ ದಪ್ಪವಿರುವ ಸಸಿ ಆಡಿನ ಬಾಯಿಗೂ ಬಿಸಿಲಿಗೂ ಬೇಗ ಸೋಲುವುದಿಲ್ಲ. ಚೀಲದ ತಳ ಒತ್ತಿ ನೋಡಿ. ಬೇರು ಸುರುಳಿ ಸುತ್ತಿ ಗಟ್ಟಿಯಾಗಿದ್ದರೆ ಆ ಸಸಿಯನ್ನು ಬಿಡಿ, ಅದು ನೆಲದಲ್ಲೂ ಸುತ್ತುತ್ತಲೇ ಇರುತ್ತದೆ.

ಗುಂಡಿ ಮತ್ತು ನಾಟಿ

ಜಾಲಿ ತೆಗೆಯುವ ಕೆಲಸ ಚಳಿಗಾಲದ್ದು. ಕಾಲೇಜುಗಳ ಎನ್‌ಎಸ್‌ಎಸ್ ಘಟಕಗಳು ಏಳು ದಿನಗಳ ವಿಶೇಷ ಶಿಬಿರ ನಡೆಸುತ್ತವೆ, ಅವರನ್ನು ಮೊದಲೇ ಕಂಡು ಮಾತನಾಡಿ. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಒಂದಕ್ಕೆ ಹತ್ತು ಚಿಗುರು ಬರುತ್ತದೆ. ಮಣ್ಣು ಬಿಡಿಸಿ, ನೆಲದಿಂದ ಒಂದು ಅಡಿ ಕೆಳಗೆ ಬುಡವನ್ನೇ ಕತ್ತರಿಸಿ ತೆಗೆಯಬೇಕು. ಕಡಿದ ಮುಳ್ಳನ್ನು ಸುಡದೆ ಒಂದು ಕಡೆ ಒಟ್ಟಿಡಿ, ಬೇಲಿಗೆ ಬೇಕಾಗುತ್ತದೆ. ಜಾಗದಲ್ಲಿ ಬೇರೆ ದೊಡ್ಡ ಮರವಿದ್ದರೆ, ಅದು ಒಣಗಿದ್ದರೂ, ನೀವೇ ಕೊಡಲಿ ಹಾಕಬೇಡಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮೊದಲು ಅರಣ್ಯ ಇಲಾಖೆಯನ್ನು ಕೇಳಬೇಕು.

ಗುಂಡಿಗಳನ್ನು ಏಪ್ರಿಲ್‌ನಲ್ಲಿ ತೋಡಿ ಬಿಸಿಲಿಗೆ ಬಿಡಿ. ಅಳತೆ ಎರಡು ಅಡಿ ಉದ್ದ, ಅಗಲ, ಆಳ. ಮೇಲಿನ ಮಣ್ಣನ್ನು ಒಂದು ಬದಿಗೆ, ಕೆಳಗಿನ ಮಣ್ಣನ್ನು ಇನ್ನೊಂದು ಬದಿಗೆ ಹಾಕಿ. ಮೇ ಕೊನೆಗೆ ಮೇಲ್ಮಣ್ಣು, ಎರಡು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿ. ಹಸಿ ಸಗಣಿ ಹಾಕಿದರೆ ಗೆದ್ದಲು ಬರುವುದು ಖಂಡಿತ. ಮೊದಲ ಮಳೆಗೇ ನೆಡುವ ಆತುರ ಬೇಡ. ಎರಡು ಮೂರು ಹದವಾದ ಮಳೆಯಾಗಿ ಎರೆಯ ಬಿರುಕುಗಳು ಮುಚ್ಚಿಕೊಂಡ ಮೇಲೆ, ಜೂನ್ ಕೊನೆ ಅಥವಾ ಜುಲೈ ಮೊದಲ ಭಾಗದಲ್ಲಿ, ಮೋಡ ಕವಿದ ಸಂಜೆ ನೆಡಿ. ಪ್ಲಾಸ್ಟಿಕ್ ಚೀಲವನ್ನು ಬ್ಲೇಡಿನಿಂದ ಸೀಳಿ ಪೂರ್ತಿ ತೆಗೆಯಬೇಕು. ಅತಿಥಿಗಳ ಕೈಯಲ್ಲಿ ನೆಡಿಸುವ ಸಸಿಗಳಲ್ಲಿ ಚೀಲ ಹಾಗೆಯೇ ಉಳಿಯುವುದುಂಟು, ಕಾರ್ಯಕ್ರಮ ಮುಗಿದ ಮೇಲೆ ಯಾರಾದರೊಬ್ಬರು ಪರೀಕ್ಷಿಸಲಿ.

ಪಾಳಿ

ನೀರಿನ ಪಾಳಿಯನ್ನು ಎಲ್ಲರೂ ಎಲ್ಲ ಗಿಡಕ್ಕೆ ಎಂದು ಹಂಚಿದರೆ ಯಾರೂ ಯಾವ ಗಿಡಕ್ಕೂ ಹೊಣೆಯಾಗುವುದಿಲ್ಲ. ಹತ್ತು ಮನೆಗೆ ನಾಲ್ಕು ನಾಲ್ಕು ಗಿಡ ಹಂಚಿ, ಗಿಡಕ್ಕೆ ಸಂಖ್ಯೆ ಕೊಟ್ಟು, ಒಂದು ನೋಟ್‌ಬುಕ್ಕಿನಲ್ಲಿ ನೀರು ಹಾಕಿದ ದಿನ ಬರೆಯುವ ರೂಢಿ ಮಾಡಿ. ಆ ಪುಸ್ತಕ ಉದ್ಯಾನದ ಗೇಟಿಗೆ ಹತ್ತಿರದ ಮನೆಯಲ್ಲೋ ಕಿರಾಣಿ ಅಂಗಡಿಯಲ್ಲೋ ಇರಲಿ. ಊರಿಗೆ ಹೋಗುವವರು ತಮ್ಮ ನಾಲ್ಕು ಗಿಡಗಳನ್ನು ಯಾರಿಗೆ ವಹಿಸಿದ್ದಾರೆ ಎಂದೂ ಅದರಲ್ಲೇ ಬರೆಯಲಿ.

ಏಪ್ರಿಲ್ ಮತ್ತು ಮೇ ತಿಂಗಳಿಗೆ ಬೇರೆಯದೇ ಯೋಜನೆ ಬೇಕು. ಮಾರ್ಚ್‌ನಲ್ಲಿ ವಿದ್ಯಾರ್ಥಿಗಳಿಗೆ ಪರೀಕ್ಷೆ, ಆಮೇಲೆ ರಜೆ, ಮದುವೆಗಳ ಸಾಲು. ದುಡಿಯಲು ಪುಣೆ, ಮುಂಬೈ, ಹೈದರಾಬಾದಿಗೆ ಹೋಗುವವರು ಹೋಗಿರುತ್ತಾರೆ. ಗಿಡಕ್ಕೆ ನೀರು ಅತಿ ಅಗತ್ಯವಾದ ಹೊತ್ತಿಗೇ ಓಣಿ ಖಾಲಿಯಾಗುತ್ತದೆ. ಈ ಎರಡು ತಿಂಗಳು ವಾರಕ್ಕೆರಡು ಬೆಳಿಗ್ಗೆ ಬರುವ ಒಬ್ಬ ಮಾಲಿಗೆ ಕೂಲಿ ಕೊಡಲು ವರ್ಷದ ಆರಂಭದಲ್ಲೇ ಹಣ ತೆಗೆದಿಡಿ. ಸ್ವಯಂಸೇವೆ ಎಂಬ ಮಾತಿಗೆ ಇದರಿಂದ ಕುಂದೇನೂ ಬರುವುದಿಲ್ಲ. ಬೋರ್ಡಿಗೆ, ಬಣ್ಣಕ್ಕೆ, ಉದ್ಘಾಟನೆಗೆ ಖರ್ಚು ಮಾಡುವ ಹಣದಲ್ಲಿ ಈ ಕೂಲಿ ಸುಲಭವಾಗಿ ಹೊಂದುತ್ತದೆ. ನೀರು ಹಾಕುವುದು ಬೆಳಿಗ್ಗೆ ಎಂಟರೊಳಗೆ ಮುಗಿಯಲಿ. ವಯಸ್ಸಾದವರು ಬಿಸಿಲೇರಿದ ಮೇಲೆ ಕೊಡ ಹೊರಬಾರದು.

ಆಡು, ದನ, ಕಾಂಗ್ರೆಸ್ ಕಸ

ಕಬ್ಬಿಣದ ಗಾರ್ಡು ಕಳುವಾಗುತ್ತದೆ, ಕಳುವಾಗದಿದ್ದರೆ ಕಾಂಡಕ್ಕೆ ಕೊರೆಯುತ್ತದೆ. ಸಸಿಯ ಸುತ್ತ ನಾಲ್ಕು ಗೂಟ ನೆಟ್ಟು ಜಾಲಿಯ ಮುಳ್ಳು ಸುತ್ತುವುದು ಅಥವಾ ತೊಗರಿ ಕಟ್ಟಿಗೆಯ ತಡಿಕೆ ಕಟ್ಟುವುದು ಅಗ್ಗ. ಅದನ್ನು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಬೇಕು. ಅದರ ಜೊತೆಗೆ ಆಡು ಮೇಯಿಸುವವರ ಬಳಿ ಮೊದಲೇ ಹೋಗಿ ಮಾತನಾಡಿ. ಆ ಬಯಲು ಇಷ್ಟು ವರ್ಷ ಅವರ ಮೇವಿನ ಜಾಗವಾಗಿತ್ತು. “ಕಾಕಾ, ಎರಡ ವರ್ಷ ಗಿಡ ಬೆಳೀಲಿ, ಆಮ್ಯಾಲ ಸವರಿದ ತಪ್ಪಲ ನಿಮ್ಮ ಆಡಿಗೇ ಕೊಡ್ತೀವಿ” ಎಂದು ಗೌರವದಿಂದ ಹೇಳಿ, ಹೇಳಿದಂತೆ ನಡೆದುಕೊಂಡರೆ ಅವರೇ ಕಾವಲುಗಾರರಾಗುತ್ತಾರೆ.

ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲು, ಜುಲೈನಲ್ಲಿ, ಮಣ್ಣು ಹಸಿಯಿದ್ದಾಗ ಬೇರುಸಹಿತ ಕೀಳಬೇಕು. ಕೈಗವಸು, ತುಂಬುತೋಳಿನ ಅಂಗಿ, ಮೂಗಿಗೆ ಬಟ್ಟೆ ಇರಲಿ; ಚರ್ಮದ ತುರಿಕೆ, ಉಬ್ಬಸ ಇರುವವರು ಈ ಕೆಲಸಕ್ಕೆ ಬರಬಾರದು. ಖಾಲಿ ಅಂಚುಗಳಲ್ಲಿ ಮೇ ತಿಂಗಳಲ್ಲೇ ತಗಚೆ ಬೀಜ ಎರಚಿದರೆ ಅದು ದಟ್ಟವಾಗಿ ಬೆಳೆದು ಕಾಂಗ್ರೆಸ್ಸನ್ನು ಅಡಗಿಸುತ್ತದೆ. ಉದುರಿದ ಎಲೆಗೆ ಬೆಂಕಿ ಹಚ್ಚದೆ ಮೂಲೆಯ ತಗ್ಗಿನಲ್ಲಿ ತುಂಬಿ ಆಗಾಗ ನೀರು ಚಿಮುಕಿಸಿ. ಆ ತಗ್ಗು ಮಕ್ಕಳು ಆಡುವ ಕಡೆಯಿಂದ ದೂರವಿರಲಿ, ಎಲೆಯ ರಾಶಿಯಲ್ಲಿ ಹಾವು ಸೇರುತ್ತದೆ.

ದಾರಿ ಮತ್ತು ಕಟ್ಟೆ

ಎರೆಯ ಮೇಲೆ ನೇರವಾಗಿ ಹಾಸಿದ ಟೈಲ್ಸ್ ಎರಡು ಮಳೆಗಾಲದಲ್ಲಿ ಏಳುಬೀಳಾಗುತ್ತದೆ. ಅರ್ಧ ಅಡಿ ಮಣ್ಣು ತೆಗೆದು ಗರಸು ತುಂಬಿ ಬಡಿದರೆ ನಡೆಯಲು ಒಳ್ಳೆಯ ದಾರಿಯಾಗುತ್ತದೆ, ಕೆಟ್ಟರೆ ದುರಸ್ತಿಯೂ ಸುಲಭ. ಕೂರಲು ಶಹಾಬಾದ್ ಕಲ್ಲಿನ ಕಟ್ಟೆ ಸಾಕು, ಆದರೆ ಬಿಸಿಲಿಗೆ ಕಾದ ಕಲ್ಲಿನ ಮೇಲೆ ರಾತ್ರಿಯವರೆಗೂ ಕೂರಲಾಗದು. ಕಟ್ಟೆಯನ್ನು ಮರದ ಪೂರ್ವಕ್ಕೆ ಕಟ್ಟಿಸಿ. ಅಂಚಿನ ಪೊದೆಗಳನ್ನು ಮೂರು ಅಡಿಗಿಂತ ಎತ್ತರ ಬೆಳೆಯಲು ಬಿಡಬೇಡಿ. ರಸ್ತೆಯಿಂದ ಒಳಗಿನವರು ಕಾಣುವಂತಿದ್ದರೆ ಮಾತ್ರ ಹೆಣ್ಣುಮಕ್ಕಳು ಸಂಜೆ ನೆಮ್ಮದಿಯಿಂದ ಬರುತ್ತಾರೆ.

ಎರಡನೇ ಬೇಸಿಗೆ ಮತ್ತು ಆಮೇಲೆ

ಮೊದಲ ಬೇಸಿಗೆಯನ್ನು ಉತ್ಸಾಹ ದಾಟಿಸುತ್ತದೆ. ಎರಡನೇ ಬೇಸಿಗೆಯ ಹೊತ್ತಿಗೆ ಗಿಡ ಆಳೆತ್ತರ ಬೆಳೆದು, ಇನ್ನು ನೀರು ಬೇಡವೆಂಬ ಭಾವನೆ ಬಂದಿರುತ್ತದೆ. ಆದರೆ ಬೇರು ಇನ್ನೂ ಗುಂಡಿಯ ಸುತ್ತಲೇ ಇರುತ್ತದೆ. ಈ ಬೇಸಿಗೆಯಲ್ಲಿ ವಾರಕ್ಕೊಂದೇ ಸಲ, 30 ಲೀಟರಿನಷ್ಟು, ನಿಧಾನವಾಗಿ ಇಂಗುವಂತೆ ಕೊಡಿ. ಪಾತಿಯನ್ನು ಕಾಂಡದಿಂದ ಮೂರು ಅಡಿ ಆಚೆಗೆ ಅಗಲಿಸಿ. ನೀರು ಎಲ್ಲಿದೆಯೋ ಬೇರು ಅಲ್ಲಿಗೆ ಹೋಗುತ್ತದೆ. ವಾರದ ಒಟ್ಟು ನೀರು ಹಿಂದಿನಷ್ಟೇ, 1,200 ಲೀಟರ್. ಸತ್ತ ಸಸಿಗಳ ಜಾಗದಲ್ಲಿ ಎರಡನೇ ಮಳೆಗಾಲದಲ್ಲಿ ಮರುನಾಟಿ ಮಾಡಿದ್ದರೆ ಅವುಗಳಿಗೆ ಮಾತ್ರ ಮೊದಲ ವರ್ಷದ ಕ್ರಮ ಅನ್ವಯಿಸಿ. ಒಂದೇ ಜಾಗದಲ್ಲಿ ಎರಡು ಸಲ ಸಸಿ ಸತ್ತರೆ ಕಾರಣ ನೆಲದ ಅಡಿಯಲ್ಲಿದೆ, ಅಲ್ಲಿ ಮೂರನೆಯದನ್ನು ನೆಡುವ ಮೊದಲು ಅಗೆದು ನೋಡಿ.

ಮಳೆಗಾಲ ಮುಗಿಯುವ ಹೊತ್ತಿಗೆ ಬೇವಿನ ಕೊಂಬೆಗಳ ತುದಿ ಕಂದಾಗಿ ಒಣಗುವುದನ್ನು ಕಂಡು ಮರ ಸತ್ತಿತೆಂದು ಕಡಿಯಲು ಹೊರಡಬೇಡಿ. ಅದು ಶಿಲೀಂಧ್ರದಿಂದ ಬರುವ ತುದಿ ಒಣಗುವ ರೋಗ, ಬಹುಪಾಲು ಮರಗಳು ಬೇಸಿಗೆಯ ಹೊಸ್ತಿಲಲ್ಲಿ ಮತ್ತೆ ಚಿಗುರುತ್ತವೆ. ಒಣಗಿದ ಸಣ್ಣ ತುದಿಗಳನ್ನು ಕತ್ತರಿಸಿ ತೆಗೆದರೆ ಸಾಕು. ಬೇರೆ ರೋಗದ ಅನುಮಾನವಿದ್ದರೆ ಎಲೆ, ಕೊಂಬೆಯನ್ನು ಕಾಗದದಲ್ಲಿ ಸುತ್ತಿ ಕಲಬುರಗಿಯ ಅಥವಾ ಬೀದರಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಕೆಳಗಿನ ಕೊಂಬೆಗಳನ್ನು ಮೂರನೇ ವರ್ಷದಿಂದ, ಚಳಿಗಾಲದಲ್ಲಿ, ಸ್ವಲ್ಪ ಸ್ವಲ್ಪವಾಗಿ ಸವರಿ. ಅದೇ ವರ್ಷ ಮುಳ್ಳಿನ ಬೇಲಿ ಬಿಚ್ಚಿ, ಗೂಟಕ್ಕೆ ಕಟ್ಟಿದ ಹಗ್ಗ ಕಾಂಡವನ್ನು ಬಿಗಿಯುತ್ತಿದೆಯೇ ಎಂದು ಪ್ರತಿ ಗಿಡದ ಬಳಿ ನಿಂತು ನೋಡಿ.

ಪ್ರತಿ ಮಾರ್ಚ್ ಕೊನೆಗೆ ವರ್ಷದ ಜಮಾ ಖರ್ಚನ್ನು ಉದ್ಯಾನದ ಗೇಟಿಗೆ ಅಂಟಿಸಿ, ಅದರ ಒಂದು ಪ್ರತಿಯನ್ನು ಬದುಕಿರುವ ಗಿಡಗಳ ಪಟ್ಟಿಯೊಂದಿಗೆ ಮುಖ್ಯಾಧಿಕಾರಿಗೆ ಕೊಟ್ಟು, ಮುಂದಿನ ವರ್ಷದ ನಿರ್ವಹಣೆಯ ಅನುಮತಿಯನ್ನು ಬರವಣಿಗೆಯಲ್ಲೇ ನವೀಕರಿಸಿಕೊಳ್ಳಿ. ಅಧಿಕಾರಿಗಳು ವರ್ಗವಾಗಿ ಹೋಗುತ್ತಾರೆ, ಹೊಸಬರು ಬಂದಾಗ ತೋರಿಸಲು ಆ ಕಡತ ಸಂಘದ ಕಾರ್ಯದರ್ಶಿಯ ಬಳಿ ಸಿದ್ಧವಾಗಿರಬೇಕು.